ಸಾಕು ಎನ್ನದ ಕೈ

ಅವರು ಯಾವುದನ್ನೂ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬಸ್ಸಿನ ಸೀಟಿನ ಕಂಬಿ, ಪಕ್ಕದ ಮನೆಯ ಬಾಗಿಲು, ಮದುವೆ ಮನೆಯ ಊಟದ ಟೇಬಲ್ಲು, ಡಾಕ್ಟರ ಮೇಜು, ಎದುರಿಗೆ ಏನೇ ಬರಲಿ, ಬಲಗೈ ಮಗುಚಿ ಬೆರಳಿನ ಬೆನ್ನನ್ನು ಅದರ ಮೇಲೆ ಒಮ್ಮೆ ಜಾರಿಸಿಯೇ ಮುಂದೆ ಹೋಗಬೇಕು. ಅಂಗೈ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ಎಮ್ರಿ ಪೇಪರ್ ಹಿಡಿದು ಉಜ್ಜಿ ಉಜ್ಜಿ ಜಡ್ಡುಗಟ್ಟಿದ ಅಂಗೈಗೆ ಒರಟೂ ಒಂದೇ, ನುಣುಪೂ ಒಂದೇ. ಬೆರಳಿನ ಬೆನ್ನಿನಲ್ಲಿ ಮಾತ್ರ ಇನ್ನೂ ಚರ್ಮ ಎಂಬುದು ಉಳಿದಿತ್ತು. ನಮ್ಮ ಮದುವೆಯ ದಿನ ಪುರೋಹಿತರು ಮಂತ್ರ ಹೇಳುತ್ತಿದ್ದರೆ ಇವರು ಹಸೆಮಣೆಯ ಅಂಚು ಸವರುತ್ತಾ ಕೂತಿದ್ದರು.

"ಏನ್ಲಾ ಅದು, ಮಣೆ ಎಲ್ಲಾರ ಓಡೋಯ್ತದಾ?" ಎಂದು ಅವರ ಸೋದರಮಾವ ಗದರಿದರು.

"ಉಜ್ಜಿದೋನು ಅರ್ಧಕ್ಕೇ ಬುಟ್ಟವ್ನೆ ಮಾವ," ಎಂದರು ಮದುವೆ ಗಂಡು. ನಾನು ತಲೆ ತಗ್ಗಿಸಿಕೊಂಡೇ ಕೇಳಿದ, ಅವರ ಬಾಯಿಯ ಮೊದಲ ಮಾತು ಅದು.

ಗಂಡನ ಹೆಸರು ಹೇಳಬಾರದು ಎಂದು ನಮ್ಮವ್ವ ಕಲಿಸಿದ್ದಳು. ಹೇಳಿದರೆ ಆಯುಸ್ಸು ಕಮ್ಮಿಯಾಗುತ್ತದಂತೆ. ಇಷ್ಟು ವರ್ಷ ಹೇಳದೆ ಕಾಪಾಡಿದ್ದಾಯಿತಲ್ಲ. ಅವರ ಹೆಸರು ಕದಿರಯ್ಯ.

ಊರು ಪಾವಗಡದಿಂದಾಚೆ, ಆಂಧ್ರಕ್ಕೆ ಕೂಗಿದರೆ ಕೇಳುವಷ್ಟು ಹತ್ತಿರ. ಕುರಿ ಕಾಯುವ ಮನೆತನ. ಹುಡುಗುತನದಲ್ಲೇ ಕುರಿ ಬಿಟ್ಟು ಮಧುಗಿರಿಗೆ ಬಂದು ಮರದ ಸಾಮಾನಿಗೆ ಪಾಲಿಷ್ ಹೊಡೆಯುವುದನ್ನು ಕಲಿತರು. ಕಸುಬು ಬದಲಾಯಿತು, ನಡಿಗೆ ಬದಲಾಗಲಿಲ್ಲ. ಮೈಯನ್ನು ಮುಂದಕ್ಕೆ ಬಾಗಿಸಿ ದಾಪುಗಾಲು ಹಾಕಿ ಹೋಗುತ್ತಾ ಹೋಗುತ್ತಾ ಥಟ್ಟನೆ ನಿಂತು, ಹಿಂದಿರುಗಿ, ಬರಬೇಕಾದವರೆಲ್ಲ ಬಂದರೇ ಎಂದು ಕಣ್ಣಿನಲ್ಲೇ ಎಣಿಸಿ, ಮತ್ತೆ ಹೊರಡುವರು. ಹಿಂದೆ ಬರುತ್ತಿದ್ದವಳು ನಾನೊಬ್ಬಳು. ಒಬ್ಬಳನ್ನು ಅಷ್ಟು ಸಲ ಎಣಿಸುವುದೇನಿದೆ ಎಂದು ಕೇಳಿದರೆ, "ಒಂದೇ ಇದ್ರೆ ಜಾಸ್ತಿ ಭಯ ಕಣೆ," ಎನ್ನುವರು.

ಕೂತು ಉಂಡವರಲ್ಲ. ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಅಂಗಳದಲ್ಲಿ ತಿರುಗುತ್ತಾ ಮುದ್ದೆ ಮುರಿಯುವರು. ನಿದ್ದೆಯಲ್ಲೂ ಬೆರಳು ಗೋಡೆ ಸವರುತ್ತಿತ್ತು. ನಾವು ಮಲಗುವ ಕೋಣೆಯಲ್ಲಿ ಅವರ ಮಗ್ಗುಲಿನ ಗೋಡೆ ಮೊಳದಷ್ಟು ಉದ್ದ ಸುಣ್ಣ ಕಳೆದುಕೊಂಡು ಕನ್ನಡಿಯಂತಾಗಿದೆ. ಈಗ ಆ ಮಗ್ಗುಲಿಗೆ ನಾನು ಮಲಗುತ್ತೇನೆ.

ಅಂಗಡಿಯಲ್ಲಿ ಅವರಿಗೊಂದು ಕೋಟು ಇತ್ತು. ಖಾಕಿ ಬಟ್ಟೆಯದು, ಪರಿಚಯದ ಬಸ್ ಡ್ರೈವರೊಬ್ಬರು ಕೊಟ್ಟದ್ದು. ಸ್ಪ್ರೇ ಗನ್ನಿನಿಂದ ಲಾಕರ್ ಎಂಬ ಮೆರುಗನ್ನು ಹೊಡೆಯುವಾಗ ಮರಕ್ಕೆ ಕೂರುವುದು ಸ್ವಲ್ಪ, ಗಾಳಿಗೆ ಹೋಗುವುದು ಜಾಸ್ತಿ. ಹಾಗೆ ಗಾಳಿಗೆ ಹೋದದ್ದೆಲ್ಲ ವರ್ಷಗಟ್ಟಲೆ ಆ ಕೋಟಿನ ಮೇಲೆ ಬಂದು ಕೂತು, ಪದರದ ಮೇಲೆ ಪದರ ಕಟ್ಟಿ, ಅದು ಬಟ್ಟೆಯ ಗುಣವನ್ನೇ ಬಿಟ್ಟು ಹಲಗೆಯಾಗಿತ್ತು. ಮಡಚಲು ಬರುತ್ತಿರಲಿಲ್ಲ, ಒಗೆಯಲು ಬರುತ್ತಿರಲಿಲ್ಲ. ಬಿಚ್ಚಿ ಮೂಲೆಯಲ್ಲಿಟ್ಟರೆ ತೋಳನ್ನು ಅರ್ಧ ಮುಂದಕ್ಕೆ ಚಾಚಿಕೊಂಡು ತಾನೇ ನಿಂತಿರುತ್ತಿತ್ತು. "ಈ ಅಂಗಡೀಲಿ ಇಬ್ರು ಕದಿರಯ್ಯ ಅವ್ರೆ, ಅವರಲ್ಲಿ ಒಬ್ನು ಮಾತ್ರ ಸುಮ್ನೆ ನಿಂತ್ಕೋತಾನೆ," ಎಂದು ದಸ್ತಗೀರ್ ಸಾಬರು ತಮಾಷೆ ಮಾಡುತ್ತಿದ್ದರು. ಸಾಬರು ಶಿರಾದವರು, ಮದುವೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವರು. ಇವರನ್ನು ಹಾಗೆ ಕೆಣಕುವ ಸಲಿಗೆ ಅವರೊಬ್ಬರಿಗೇ ಇತ್ತು.

ಲಾಕರ್ ಹೊಡೆಯುವಾಗ ಬೆಳಕು ಹಿಡಿಯುವುದು ನನ್ನ ಪಾಲಿನ ಕೆಲಸ. ಟಾರ್ಚನ್ನು ಎದುರಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಓರೆಯಾಗಿ, ಮರದ ಮಟ್ಟಕ್ಕೆ ತಗ್ಗಿಸಿ ಹಿಡಿಯಬೇಕು. ಆಗ ಹಸಿ ಎಲ್ಲಿ ಕೂತಿದೆ, ಎಲ್ಲಿ ಇನ್ನೂ ಬಿದ್ದಿಲ್ಲ ಎಂಬುದು ಕೆರೆಯ ನೀರಿನ ಮೇಲೆ ಇಳಿಬಿಸಿಲು ಬಿದ್ದ ಹಾಗೆ ತಾನೇ ತೋರುತ್ತದೆ. ಹಸಿ ತುಂಬಿ, ಇನ್ನು ಒಂದು ಕೈ ಹೊಡೆದರೆ ಕೆಳಕ್ಕೆ ಇಳಿಯುತ್ತದೆ ಎನ್ನುವ ಗಳಿಗೆ ಒಂದಿದೆ. ಆಗ "ಸಾಕು" ಎನ್ನಬೇಕು. ಅದು ನಾನು ಹೇಳುವ ಮಾತು. ಅವರದು "ಉಂಡು ಉಂಡು". ಹಾಗೆಂದರೆ ತೆಲುಗಿನಲ್ಲಿ ಇರು, ತಡೆ ಎಂದು. ಮಧುಗಿರಿಗೆ ಬಂದ ಮೇಲೆ ಅವರ ಮಿಕ್ಕ ಮಾತೆಲ್ಲ ಇಲ್ಲಿಯದಾಯಿತು, ಅದೊಂದು ಮಾತ್ರ ಹುಟ್ಟಿದೂರಿನದಾಗಿಯೇ ಉಳಿಯಿತು.

"ಸಾಕು."

"ಉಂಡು ಉಂಡು. ಅಂಚಿಗೆ ಒಂದು ಕೈ."

"ಸಾಕು ಅಂದ್ನಲ್ಲ."

"ಲೇ ಹೊನ್ನಿ, ಗನ್ ಇರೋದು ನನ್ನ ಕೈಲಿ."

"ಬೆಳಕಿರೋದು ನನ್ನ ಕೈಲಿ."

ಅಷ್ಟರಲ್ಲಿ ಅವರು ಹೊಡೆದಾಗಿರುತ್ತಿತ್ತು. ಲಾಕರ್ ಇಳಿದಾಗಿರುತ್ತಿತ್ತು. ಇಳಿದ ಹನಿ ಅಂಚಿನಲ್ಲಿ ತೂಗಾಡುತ್ತಾ ನಿಂತಿರುವಾಗ ನೋಡಿದಿರಾ ಎಂದು ನಾನು ಕೇಳುತ್ತಿರಲಿಲ್ಲ. ಅವರೇ ಒಣಗಲು ಬಿಟ್ಟು, ಉಜ್ಜಿ ತೆಗೆದು, ಮತ್ತೆ ಮೊದಲಿನಿಂದ ಶುರು ಮಾಡುವರು. ಬೈಗುಳ ಇಲ್ಲ, ಬೇಸರ ಇಲ್ಲ. ಉಜ್ಜಿ ತೆಗೆಯಲು ಒಂದು ನೆಪ ಸಿಕ್ಕಿತೆಂದು ಅವರಿಗೆ ಒಳಗೊಳಗೇ ಸಂತೋಷವೇ ಆಗುತ್ತಿತ್ತೇನೋ ಎಂದು ನನಗೆ ಅನುಮಾನ.

ಇನ್ನೊಂದು ಹಟವಿತ್ತು. ಗಾಳಿಯಲ್ಲಿ ತೇವವಿದ್ದ ದಿನ ಲಾಕರ್ ಹೊಡೆದರೆ ಅದು ಒಣಗುತ್ತಾ ತೇವವನ್ನು ಒಳಗೆ ಹಿಡಿದಿಟ್ಟುಕೊಂಡು ಬೆಳ್ಳಗಾಗುತ್ತದೆ. ಹೊಗೆ ಕವಿದಂತೆ ಮರದ ಗೆರೆಯೇ ಕಾಣದೆ ಹೋಗುತ್ತದೆ. ಅದನ್ನು ತಿಳಿಯಲು ಬೇರೆಯವರು ಮೊಬೈಲ್ ನೋಡುತ್ತಾರೆ. ಇವರು ಬೆಟ್ಟ ನೋಡುತ್ತಿದ್ದರು. ಬೆಳಗ್ಗೆ ಎದ್ದು ಮಧುಗಿರಿ ಬೆಟ್ಟದ ಬುಡಕ್ಕೆ ಹೋಗಿ ಬಂಡೆಯ ಮೇಲೆ ಬೆರಳಿನ ಬೆನ್ನು ಇಡುವರು. ಅಷ್ಟು ದೊಡ್ಡ ಒಂದೇ ಕಲ್ಲು, ಅದರ ಬುಡದಲ್ಲಿ ಬಗ್ಗಿ ನಿಂತ ಇವರು ನಾಡಿ ನೋಡುವ ಪಂಡಿತರ ಹಾಗೆ ಕಾಣುತ್ತಿದ್ದರಂತೆ. ದಾರಿಯಲ್ಲಿ ಹೂವು ಕಟ್ಟುವ ವೀರಭದ್ರಯ್ಯನವರು ದಿನಾ ಕೇಳುವರು:

"ಏನ್ ಕದಿರಯ್ಯ, ಹೆಂಗದೆ ಬೆಟ್ಟದ ಜ್ವರ?"

"ಬೆವ್ರು ಬುಟ್ಟದೆ, ನಾಳೀಕೆ ಇಳೀತದೆ."

ಕಲ್ಲು ಬೆವರಿದ್ದರೆ ಆ ದಿನ ಗನ್ ಮುಟ್ಟುವಂತಿಲ್ಲ. ಗಿರಾಕಿ ಕೂಗಾಡಲಿ, ಮನೆ ಪ್ರವೇಶದ ಬಾಗಿಲೇ ಆಗಲಿ. ಗನ್ ಮುಟ್ಟದ ದಿನ ಅವರನ್ನು ನೋಡುವುದೇ ಕಷ್ಟ. ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ, ಕಟ್ಟಿಹಾಕಿದ ಹೋತದಂತೆ ತಿರುಗುವರು.

ಇವರು ಗಿಟಾರ್ ಕೆಲಸಕ್ಕೆ ಬಂದದ್ದು ದಸ್ತಗೀರ್ ಸಾಬರಿಂದ. ಒಂದು ಸಲ ಸಾಬರು ತಮ್ಮ ಹಳೆಯ ಗಿಟಾರ್ ತಂದು ಕೆಂಪು ಬಣ್ಣ ಚಕ್ಕೆ ಎದ್ದಿದೆ, ಹೊಸದಾಗಿ ಹೊಡೆದುಕೊಡು ಎಂದರು. ಇವರು ಕೆರೆಯಲು ಕೂತರು. ಕೆಂಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಕಪ್ಪು, ಕೈ ಬದಲಾದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಬಳಿದಿದ್ದರು. ಎಲ್ಲ ತೆಗೆದು ಬರಿಮರ ಕಂಡಾಗ ಬೆರಳು ಮಡಚಿ ಒಂದು ಸಲ ಬಡಿದರು. ನಾನು ಒಲೆಯ ಮುಂದೆ ಇದ್ದೆ. ಅಲ್ಲಿಗೂ ಕೇಳಿಸಿತು. ತುಂಬಿದ ಕೊಡವನ್ನು ಯಾರೋ ಬರಿದು ಮಾಡಿ ಬಡಿದ ಹಾಗೆ. ಫೋನು ಮಾಡಿ ಸಾಬರನ್ನು ಕರೆಸಿ, ಬಟ್ಟೆ ಇಲ್ಲದ ಆ ಗಿಟಾರಿಗೆ ತಂತಿ ಕಟ್ಟಿಸಿ ನುಡಿಸಲು ಹೇಳಿದರು.

"ಅರೆ, ಇದು ನನ್ದೇನಾ?" ಎಂದರು ಸಾಬರು.

"ನಿಂದೇ. ಇಷ್ಟು ದಿನ ಬಾಯಿಗೆ ಬಟ್ಟೆ ತುರುಕಿದ್ರಿ."

"ಹಂಗಂತ ಬರಿಮೈಲಿ ಸ್ಟೇಜ್ ಹತ್ತಿಸೋಕಾಗುತ್ತಾ? ಲೈಟ್ ಬಿದ್ರೆ ಮಿಂಚಬೇಕು ಭಾಯ್."

ಅಲ್ಲಿಂದ ಶುರುವಾದ ಜಗಳ ಕೊನೆಯವರೆಗೂ ಮುಗಿಯಲಿಲ್ಲ. ಸಾಬರಿಗೆ ಮಿಂಚಬೇಕು, ಇವರಿಗೆ ಮಾತಾಡಬೇಕು. ಮಿಂಚಬೇಕಾದರೆ ದಪ್ಪ ಹೊಡೆಯಬೇಕು, ದಪ್ಪ ಹೊಡೆದರೆ ಮರ ಮಾತಾಡುವುದಿಲ್ಲ. ಹೊಡೆಯದೇ ಬಿಟ್ಟರೆ ಬೆವರು ಕುಡಿದು, ಕೊಳೆ ಹಿಡಿದು, ಮರ ಹಾಳಾಗುತ್ತದೆ. ಇವರು ತಾವೇ ಗಿಟಾರ್ ಮಾಡಲು ಕಲಿತದ್ದು ಈ ಜಗಳ ಗೆಲ್ಲುವುದಕ್ಕೇ ಎಂದು ನನಗೆ ಅನ್ನಿಸುತ್ತದೆ. ಬಾಗಿಲು, ಬೀರು, ಮಂಚ ಹೊಟ್ಟೆಗೆ. ಗಿಟಾರ್ ಆ ನೆಮ್ಮದಿಯಿಲ್ಲದ ಕೈಗೆ. ಬೆನ್ನಿಗೆ ಮತ್ತು ಪಕ್ಕೆಗೆ ಹಲಸು. ಎದೆಗೆ ಪೈನ್ ಮರ, ಅದು ಪಾವಗಡದ ಕಡೆ ಸೋಲಾರ್ ಪ್ಲೇಟುಗಳು ಬಂದಿಳಿದಾಗ ಜೊತೆಗೆ ಬಂದ ಪೆಟ್ಟಿಗೆಗಳದು. ಜನ ಅವನ್ನು ನೀರೊಲೆಗೆ ಹಾಕುತ್ತಿದ್ದರು. ಇವರು ಊರಿಗೆ ಹೋದಾಗಲೆಲ್ಲ ಒಲೆಯ ಬಾಯಿಂದ ಹಲಗೆ ಕಿತ್ತು ತರುವರು.

ಕೊನೆಯದನ್ನು ದಸ್ತಗೀರ್ ಸಾಬರಿಗೇ ಮಾಡಿದ್ದು. ಸಾಬರ ಬೆರಳು ನಡುಗಲು ಶುರುವಾಗಿತ್ತು. ಆರ್ಕೆಸ್ಟ್ರಾ ಬಿಟ್ಟಿದ್ದರು. "ಇನ್ನು ಮನೇಲಿ ನುಡಿಸ್ಕೊಳ್ಳೋಕೆ ಒಂದು ಬೇಕು, ನಿನ್ನ ಕೈದು. ಬೇಗ ಕೊಡು. ನನ್ನ ಬೆರಳು ನಿನ್ನಷ್ಟು ತಾಳ್ಮೆಯವಲ್ಲ," ಎಂದಿದ್ದರು. ಇವರು ಹ್ಞೂಂ ಎಂದರು. ಗಿಟಾರ್ ಬೇಗನೇ ಆಯಿತು. ಮೇಲಿನ ಹೊಳಪು ಆಗಲಿಲ್ಲ.

ಮೊದಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ತಿಕ್ಕಿದರು. ಧ್ವನಿ ಚೆನ್ನಾಗಿತ್ತು. ಆದರೆ ಸಾಬರ ಕೈ ಬೆವರುವ ಕೈ, ಅರಗು ಬೆವರಿಗೆ ಕಲೆಯಾಗುತ್ತದೆ ಎಂದು ಉಜ್ಜಿ ತೆಗೆದರು. ಆಮೇಲೆ ಮೆಲಮೈನ್ ಹೊಡೆದರು. ಕಲ್ಲಿನಂತೆ ಗಟ್ಟಿ, ಗಾಜಿನಂತೆ ಹೊಳಪು. ಬಡಿದು ನೋಡಿ, "ಉಸಿರು ಕಟ್ಕೊಂಡದೆ," ಎಂದು ಅದನ್ನೂ ತೆಗೆದರು. ಆಮೇಲೆ ಲಾಕರ್. ತೆಳ್ಳಗೆ, ಈರುಳ್ಳಿಯ ಒಳಸಿಪ್ಪೆಯಷ್ಟು. ನಾನು ಸಾಕು ಎಂದೆ. ಅವತ್ತು ನಿಜವಾಗಿಯೂ ಸಾಕಾಗಿತ್ತು, ಟಾರ್ಚಿನ ಬೆಳಕಿನಲ್ಲಿ ಗಿಟಾರಿನ ಎದೆ ಆಗತಾನೇ ಮೈತೊಳೆದ ಹಾಗಿತ್ತು. "ಉಂಡು ಉಂಡು," ಎಂದರು. ಅದೂ ದಪ್ಪವಾಯಿತು. ಅದನ್ನೂ ಉಜ್ಜಿದರು.

ಉಜ್ಜಿದಾಗಲೆಲ್ಲ ಬಣ್ಣದ ಜೊತೆ ಮರವೂ ಹೋಗುತ್ತದೆ. ಒಂದು ಸಂಜೆ ಅಂಗಡಿಯ ಬಾಗಿಲು ಮುಚ್ಚಿ, ಟಾರ್ಚನ್ನು ಗಿಟಾರಿನ ಬಾಯೊಳಗೆ ಇಳಿಸಿ ಹೊತ್ತಿಸಿದರು. ಎದೆಯ ಹಲಗೆ ಒಳಗಿನಿಂದ ಕೆಂಪಗೆ ಬೆಳಗಿತು, ಕೈಬೆರಳ ಹಿಂದೆ ದೀಪ ಹಿಡಿದರೆ ಬೆಳಗುವ ಹಾಗೆ. ನಾನು ಚೆನ್ನಾಗಿದೆ ಎಂದುಕೊಂಡೆ.

"ಇನ್ನು ಉಜ್ಜಂಗಿಲ್ಲ ಹೊನ್ನಿ. ಉಜ್ಜಿದ್ರೆ ಹರಿದೋಯ್ತದೆ. ಇನ್ನೊಂದೇ ಸಲ."

"ಯಾವುದು ಹೊಡಿತೀರಾ?"

"ಲಾಕರೇ. ಯಾವುದು ಅಂತ ಗೊತ್ತಾಯ್ತು. ಎಷ್ಟು ಅಂತ ಗೊತ್ತಾಗ್ತಿಲ್ಲ."

ಅಷ್ಟು ಹೇಳಿದವರು ಮಾರನೆಯ ದಿನ ಪಾವಗಡಕ್ಕೆ ಹೊರಟರು, ಹರಿದರೆ ಇರಲಿ ಎಂದು ಇನ್ನೊಂದು ಪೈನ್ ಹಲಗೆ ತರಲು. ಬರುವಾಗ ಮಿಡಿಗೇಶಿ ದಾಟಿದ ಮೇಲೆ ಬಸ್ಸಿನಲ್ಲಿ ತೀರಿಕೊಂಡರು. ಎದೆ ನೋವು ಎಂದು ಯಾರಿಗೂ ಹೇಳಲಿಲ್ಲ. ಮಧುಗಿರಿ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರೂ ಇವರು ಇಳಿಯಲಿಲ್ಲ. ಹಲಗೆ ಮಡಿಲಲ್ಲಿತ್ತು, ಬೆರಳ ಬೆನ್ನು ಮುಂದಿನ ಸೀಟಿನ ಕಂಬಿಯ ಮೇಲಿತ್ತು. ಕಂಡಕ್ಟರ್ ನನ್ನ ಹತ್ತಿರ ಬಂದು ಕೈಮುಗಿದರು.

"ಆಗ್ಲೇ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ ಕಣಮ್ಮ. ಅಷ್ಟು ನೆಮ್ಮದಿಯಾಗಿ ಕುಂತಿದ್ರು."

ಅಷ್ಟು ನೆಮ್ಮದಿಯಾಗಿ ಕುಂತಿದ್ದರೆ ಅವರಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಕರ್ಮಾಂತರ ಮುಗಿಯಿತು. ಹೊಳವನಹಳ್ಳಿಗೆ ಕೊಟ್ಟ ಮಗಳು ತನ್ನ ಮನೆಗೆ ಬಾ ಎಂದು ಕರೆದಳು. ನಾನು ಹೋಗಲಿಲ್ಲ. ಅಂಗಡಿಯ ತೊಲೆಗೆ ಕೊಕ್ಕೆ ಹಾಕಿ ಆ ಗಿಟಾರ್ ತೂಗುತ್ತಿತ್ತು, ಬರಿಮೈಯಲ್ಲಿ. ಗಾಳಿ ಬಂದರೆ ತಿರುಗುವುದು, ಒಮ್ಮೆ ಎದೆ ತೋರಿಸುವುದು, ಒಮ್ಮೆ ಬೆನ್ನು. ಅದರ ಕೆಳಗೆ ಮೂಲೆಯಲ್ಲಿ ಕೋಟು ನಿಂತಿತ್ತು. ಅವರು ಹೋದ ಮೇಲೆ ನನಗೂ ಕೂರಲು ಆಗುತ್ತಿರಲಿಲ್ಲ. ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ. ಬೆಳಗ್ಗೆ ಎದ್ದು ಬೆಟ್ಟದ ಬುಡಕ್ಕೆ ಹೋಗಿ ಬಂಡೆ ಮುಟ್ಟಿ ಬರುವೆ. ಗಂಡ ಸತ್ತವಳು ಬೆಳಗ್ಗೆ ಬೆಳಗ್ಗೆ ಎದುರಿಗೆ ಬರುತ್ತಾಳೆ ಎಂದು ಬೀದಿಯಲ್ಲಿ ಮಾತಾಡಿದರು. ಮಾತಾಡಲಿ. ಸೋನೆ ಹಿಡಿದಿತ್ತು, ಕಲ್ಲು ದಿನಾ ಬೆವರುತ್ತಿತ್ತು.

ಅವರ ತಮ್ಮ ಅಡವಯ್ಯನೂ ಸ್ಪ್ರೇ ಕೆಲಸದವನೇ. ಕಬ್ಬಿಣದ ಗೇಟು, ಅಡುಗೆ ಮನೆಯ ಕಪಾಟು ಹೊಡೆಯುತ್ತಾನೆ. ಕೈ ಚುರುಕು, ಕಣ್ಣು ಸ್ವಲ್ಪ ಕಮ್ಮಿ. ದಿನಾ ಬಂದು ನಿಲ್ಲುವನು.

"ಅತ್ತಿಗೆ, ನಾನು ಹೊಡೆದು ಕೊಟ್ಟುಬುಡ್ತೀನಿ. ಅದು ಅಂಗೆ ನೇತಾಡ್ತಿದ್ರೆ ಅಣ್ಣನ್ನೇ ಇನ್ನೂ ಇಳಿಸಿಲ್ವೇನೋ ಅನ್ನಿಸ್ತದೆ."

"ಕಲ್ಲು ಒಣಗಲಿ."

"ನೀವೂ ಅವನಂಗೇ ಆದ್ರಲ್ಲ. ಕಲ್ಲಿಗೂ ಗಿಟಾರ್‌ಗೂ ಏನ್ ಸಂಬಂಧ ಹೇಳಿ. ಕಪಾಟು ಹೊಡಿಯಲ್ವಾ ನಾನು, ಮಳೇಲಿ?"

ಅವನು ಕಪಾಟಿಗೆ ಹೊಡೆಯುವುದು ಬೇರೆ ಬಣ್ಣ. ಹೇಳಿದೆ. ಕೇಳಿಸಿಕೊಂಡನೋ ಇಲ್ಲವೋ. ಒಂದು ಬೆಳಗ್ಗೆ ನಾನು ಬೆಟ್ಟದ ಬುಡದಲ್ಲಿದ್ದಾಗ ಅಂಗಡಿಯ ಬೀಗ ತೆಗೆದು, ಕಂಪ್ರೆಸರ್ ಹಾಕಿ, ಅಣ್ಣ ಕಲೆಸಿಟ್ಟಿದ್ದ ಲಾಕರನ್ನೇ ಗನ್ನಿಗೆ ತುಂಬಿ ಹೊಡೆದಿದ್ದ. ನಾನು ಬಂದು ನೋಡುವ ಹೊತ್ತಿಗೆ ಗನ್ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಿದ್ದ.

"ಬೆಳ್ಳಗಾಗೋಯ್ತು ಅತ್ತಿಗೆ."

ಕೊಕ್ಕೆಯಲ್ಲಿ ಗಿಟಾರ್ ತಿರುಗಿ ಎದೆ ತೋರಿಸಿತು. ಕುತ್ತಿಗೆಯಿಂದ ಕೆಳಗೆ ಪೂರ್ತಿ ಹಾಲು ಚೆಲ್ಲಿದಂತೆ ಬಿಳುಪು. ಒಂದು ಗೆರೆ ಕಾಣುತ್ತಿರಲಿಲ್ಲ. ಇದ್ದದ್ದು ಒಂದೇ ಸಲ, ಅದು ಹೋಗಿತ್ತು. ನಾನು ಬಯ್ಯಲಿಲ್ಲ. ಅವನ ಕೈಯಿಂದ ಗನ್ ತೆಗೆದುಕೊಂಡು, ಬಿಚ್ಚಿ, ಥಿನ್ನರಿನಲ್ಲಿ ತೊಳೆದಿಟ್ಟೆ. ತೊಳೆಯದೆ ಬಿಟ್ಟರೆ ಗನ್ ಕಟ್ಟಿಕೊಳ್ಳುತ್ತದೆ.

ಅವತ್ತೇ ಶಿರಾದಿಂದ ದಸ್ತಗೀರ್ ಸಾಬರು ಬಂದರು. ನನ್ನನ್ನು ಭಾಬಿ ಎಂದೇ ಕರೆಯುವುದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೇಲೆ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಏನ್ ಭಾಬಿ, ಗಿಟಾರ್‌ಗೆ ಸುಣ್ಣ ಹೊಡ್ಸಿದ್ದೀರಾ?"

ಅಡವಯ್ಯ ತಲೆ ಎತ್ತಲಿಲ್ಲ. ಸಾಬರಿಗೆ ಅರ್ಥವಾಯಿತು.

"ಹೋಗ್ಲಿ ಬಿಡಪ್ಪ. ಕೆರೆದು ಬರಿಮೈಲೇ ಕೊಡಿ. ನಂಗೆ ಇನ್ನು ಯಾವ ಸ್ಟೇಜು."

"ಕೆರೆದ್ರೆ ಹರಿಯುತ್ತೆ ಅಣ್ಣ. ಅವರು ತಂದ ಹಲಗೆ ಇದೆ, ಕೂರಿಸೋ ಕೈ ಇಲ್ಲ," ಎಂದೆ. ಟಾರ್ಚನ್ನು ಒಳಗೆ ಇಳಿಸಿ ಹೊತ್ತಿಸಿ ತೋರಿಸಿದೆ. ಬಿಳುಪಿನ ಹಿಂದೆ ಮಂಜಿನ ದಿನದ ಸೂರ್ಯನ ಹಾಗೆ ಮಂಕಾಗಿ ಬೆಳಗಿತು. ಸಾಬರು ಹತ್ತಿರ ಬಂದು ನೋಡಿದರು.

"ಹಂಗಾದ್ರೆ ಇಷ್ಟೇನಾ? ಇದು ಹಿಂಗೇನಾ?"

ಹಾಗೇ ಬಿಟ್ಟರೆ ಅವರ ಕೊನೆಯ ಕೆಲಸ ಸುಣ್ಣದ ಗೋಡೆಯಾಗಿ ಒಂದು ಮನೆಯಲ್ಲಿ ನೇತಾಡುತ್ತದೆ. ನೋಡಿದವರು ಕದಿರಯ್ಯ ಮಾಡಿದ್ದು ಎನ್ನುತ್ತಾರೆ.

ಬೆಳ್ಳಗಾದದ್ದಕ್ಕೆ ಅವರು ಮಾಡುತ್ತಿದ್ದ ಒಂದು ಉಪಾಯ ನಾನು ನೋಡಿದ್ದೆ. ಒಳ್ಳೆಯ ಬಿಸಿಲಿನ ದಿನ, ನಿಧಾನವಾಗಿ ಆರುವ ಥಿನ್ನರನ್ನು ಮಾತ್ರ ಗನ್ನಿಗೆ ತುಂಬಿ, ಮಂಜಿನ ಹಾಗೆ ಹೊಡೆಯುವುದು. ಮೇಲಿನ ಪದರ ಮೆತ್ತಗಾಗಿ ಬಾಯಿ ಬಿಡುತ್ತದೆ, ಒಳಗೆ ಸಿಕ್ಕಿಬಿದ್ದ ತೇವ ಹೊರಟುಹೋಗುತ್ತದೆ. ಕಮ್ಮಿಯಾದರೆ ಬಿಳುಪು ಹೋಗದು. ಜಾಸ್ತಿಯಾದರೆ ಪದರವೇ ಕರಗಿ ಸುರಿಯುತ್ತದೆ, ಸುರಿದದ್ದನ್ನು ಉಜ್ಜಲು ಕೆಳಗೆ ಮರವಿಲ್ಲ. ಎಲ್ಲ ಮತ್ತೆ ಅವರ ಪ್ರಶ್ನೆಗೇ ಬಂದು ನಿಂತಿತು. ಎಷ್ಟು.

ಸೋನೆ ಬಿಡುವವರೆಗೂ ಕಾದೆ. ಸಾಬರು ದಿನಾ ಫೋನು ಮಾಡುವರು. ಗಿಟಾರ್ ವಿಚಾರ ಕೇಳುತ್ತಿರಲಿಲ್ಲ, ಬಿಸಿಲು ಬಂತಾ ಎಂದು ಕೇಳುವರು. ಒಂದು ಬೆಳಗ್ಗೆ ಬಂಡೆಯ ಮೇಲೆ ಬೆರಳ ಬೆನ್ನು ಇಟ್ಟಾಗ ಅದು ಒಣಗಿತ್ತು, ಬೆಚ್ಚಗೂ ಇತ್ತು. ವೀರಭದ್ರಯ್ಯನವರು ಹೂವು ಕಟ್ಟುವುದನ್ನು ನಿಲ್ಲಿಸಿದರು. ನಮ್ಮವರು ಹೋದಾಗಿನಿಂದ ಆ ದಾರಿಯಲ್ಲಿ ನನ್ನನ್ನು ಯಾರೂ ಮಾತಾಡಿಸಿರಲಿಲ್ಲ.

"ಹೊನ್ನಕ್ಕ, ಹೆಂಗದೆ ಜ್ವರ?"

"ಇಳಿದದೆ," ಎಂದೆ.

ಬಿಸಿಲು ನೆತ್ತಿಗೆ ಬಂದಾಗ ಕೋಟು ಹಾಕಿಕೊಂಡೆ. ಅದರೊಳಗೆ ತೂರುವುದೇ ಕಷ್ಟವಾಯಿತು. ತೂರಿದ ಮೇಲೆ ಒಂದು ವಿಷಯ ತಿಳಿಯಿತು. ಅವರು ಮೊಣಕೈ ಎಲ್ಲಿ ಮಡಚುತ್ತಿದ್ದರೋ ಅಲ್ಲೇ ಅದು ಮಡಚಿತ್ತು, ಬೇರೆಲ್ಲೂ ಮಡಚುವಂತಿರಲಿಲ್ಲ. ತೋಳು ತಾನಾಗಿ ಮುಂದೆ ಚಾಚಿಕೊಂಡಿತು, ಗನ್ನಿನ ಬಾಯಿ ಮರದಿಂದ ಸರಿಯಾಗಿ ಒಂದು ಗೇಣು ದೂರ ನಿಂತಿತು. ಅಷ್ಟು ವರ್ಷ ಗಾಳಿಗೆ ಹೋಯಿತು ಎಂದುಕೊಂಡದ್ದು ಗಾಳಿಗೆ ಹೋಗಿರಲಿಲ್ಲ.

ಅಡವಯ್ಯ ಟಾರ್ಚ್ ಹಿಡಿದ.

"ಇಂಗಾ ಅತ್ತಿಗೆ?"

"ಕೆಳಗೆ. ಮರದ ಮಟ್ಟಕ್ಕೆ."

ಥಿನ್ನರ್ ತುಂಬಿದ ಗನ್ನನ್ನು ಮರದ ಒಂದು ಅಂಚಿನ ಆಚೆಯಿಂದ ಶುರುಮಾಡಿ ಇನ್ನೊಂದು ಅಂಚಿನ ಆಚೆಗೆ ಬಿಟ್ಟೆ. ಒಂದು ಕೈ, ಅದರ ಅರ್ಧಕ್ಕೆ ಇನ್ನೊಂದು ಕೈ. ಏನೂ ಆಗಲಿಲ್ಲ. ಮತ್ತೆ ಹೊಡೆದೆ. ಅಂಚಿನಲ್ಲಿ ಬಿಳುಪು ಕದಲಿತು. ಬಿಸಿಲೇರಿದಾಗ ಬೆಟ್ಟದ ಮೇಲಿಂದ ಮಂಜು ಜಾರುವುದನ್ನು ಇಲ್ಲಿಯ ಎಲ್ಲರೂ ನೋಡಿರುತ್ತಾರೆ, ಹಾಗೆ ಅದು ಸುತ್ತಲಿಂದ ಹಿಂದಕ್ಕೆ ಹಿಂದಕ್ಕೆ ಸರಿಯಿತು, ಅದು ಸರಿದಲ್ಲೆಲ್ಲ ಪೈನ್ ಮರದ ಗೆರೆಗಳು ಒಂದೊಂದಾಗಿ ಎದ್ದು ಬಂದವು, ಅವರು ಬೆರಳ ಬೆನ್ನಿನಿಂದ ಸವರಿ ಸವರಿ ಬಿಟ್ಟ ಹಾಗೆಯೇ. ಕೊನೆಗೆ ತಂತಿ ಕಟ್ಟುವ ಜಾಗದ ಹತ್ತಿರ ಹುಣಸೆಬೀಜದಷ್ಟು ಬಿಳುಪು ಉಳಿಯಿತು. ಅದೊಂದೇ. ಒಂದೇ ಕೈ ಹೊಡೆದರೆ ಹೋಗುತ್ತಿತ್ತು. ನನ್ನ ಬೆರಳು ಗನ್ನಿನ ಕುದುರೆಯ ಮೇಲಿತ್ತು.

"ಉಂಡು," ಎಂದಿತು ನನ್ನ ಬಾಯಿ.

ಅಣ್ಣನ ಮಾತು ಕೇಳಿ ಅಡವಯ್ಯ ಟಾರ್ಚನ್ನು ಇನ್ನೂ ತಗ್ಗಿಸಿದ. ಆ ಓರೆ ಬೆಳಕಿನಲ್ಲಿ ಕಂಡಿತು. ಹಸಿ ತುಂಬಿತ್ತು. ಇನ್ನೊಂದು ಉಸಿರಿಗೂ ಜಾಗವಿರಲಿಲ್ಲ. ಸಾಕು ಎನ್ನಬೇಕಾದವಳು ಬೆಳಕಿನ ಜಾಗದಲ್ಲಿ ಇರಲಿಲ್ಲ, ಗನ್ನಿನ ಜಾಗದಲ್ಲಿದ್ದಳು. ಆ ಜಾಗದಲ್ಲಿ ನಿಂತರೆ ಯಾವುದೂ ಸಾಕು ಅನ್ನಿಸುವುದಿಲ್ಲ ಎಂಬುದು ನನಗೆ ಆ ಗಳಿಗೆಯವರೆಗೂ ಗೊತ್ತಿರಲಿಲ್ಲ. ಹುಣಸೆಬೀಜದಷ್ಟು ಬಿಳುಪು ಎಷ್ಟು ದೊಡ್ಡದಾಗಿ ಕಾಣುತ್ತದೆ ಅಲ್ಲಿಂದ. ಇಡೀ ಗಿಟಾರ್ ಕಾಣುವುದಿಲ್ಲ, ಅದೊಂದೇ ಕಾಣುತ್ತದೆ. ಅವರಿಗೆ ಜೀವನಪೂರ್ತಿ ಹಾಗೆಯೇ ಕಂಡಿರಬೇಕು.

"ಸಾಕು," ಎಂದು ಜೋರಾಗಿ ಹೇಳಿದೆ. ಬೆರಳು ಬಿಟ್ಟಿತು.

ಅದು ಪೂರ್ತಿ ಒಣಗಿದ ಮೇಲೆ ಸಾಬರು ಬಂದು ತಾವೇ ತಂತಿ ಕಟ್ಟಿದರು. ಎದೆಯ ಮೇಲೆ ಬಗ್ಗಿ ನೋಡಿದರು. "ಮುಖ ಕಾಣಲ್ಲ ಭಾಬಿ ಇದ್ರಲ್ಲಿ," ಎಂದರು. ಹೌದು, ಕನ್ನಡಿಯಂಥ ಹೊಳಪಿರಲಿಲ್ಲ. ಎಣ್ಣೆ ಹಚ್ಚಿ ಒರೆಸಿದ ಕೂದಲಿನಷ್ಟು ಇತ್ತು. ಆಮೇಲೆ ಬಿಳುಪು ಕಂಡಿತು.

"ಇದೇನು, ಇಲ್ಲಿ ಒಂದು ಚುಕ್ಕಿ ಉಳೀತು?"

"ಇರ್ಲಿ ಅಣ್ಣ."

"ಕದಿರಯ್ಯ ಆಗಿದ್ರೆ ಇದನ್ನ ಬಿಡ್ತಿರ್ಲಿಲ್ಲ."

"ಕೊಡ್ತಾನೂ ಇರ್ಲಿಲ್ಲ."

ಸಾಬರು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಆಮೇಲೆ ನುಡಿಸಿದರು. ಬೆರಳು ನಡುಗುತ್ತಿತ್ತು, ಒಂದೊಂದು ಸ್ವರ ಜಾರುತ್ತಿತ್ತು. ಆದರೆ ಮರ ಮುಟ್ಟಿದ ಕೂಡಲೇ ಮಾತಾಡಿತು, ಬೆರಳು ತೆಗೆದ ಮೇಲೂ ಸುಮ್ಮನಾಗಲಿಲ್ಲ. ಅಂಗಡಿಯಲ್ಲಿ ಥಿನ್ನರಿನ ಡಬ್ಬಿಗಳು ಸಣ್ಣಗೆ ಗುಂಯ್‌ಗುಟ್ಟಿದವು. ಮೂಲೆಯಲ್ಲಿ ಕೋಟು ತೋಳು ಚಾಚಿ ನಿಂತಿತ್ತು. ಹೊರಡುವಾಗ ಸಾಬರು ಅದರ ಮುಂದೆ ನಿಂತು, ಕೈ ಮಗುಚಿ, ಬೆರಳ ಬೆನ್ನಿನಿಂದ ತೋಳನ್ನು ಒಮ್ಮೆ ಸವರಿ ಹೋದರು.

ಇಂಥವರು ಊರಿಗೆ ಒಬ್ಬರಾದರೂ ಇರುತ್ತಾರೆ. ಮಾಡಿದ್ದನ್ನು ಕೆಡಿಸಿ ಮಾಡುವವರು, ಹೊರಟಲ್ಲಿಂದ ತಿರುಗಿ ನೋಡುವವರು, ಎಲ್ಲರಿಗೂ ನುಣ್ಣಗೆ ಕಂಡದ್ದರಲ್ಲಿ ಒಂದು ಮುಳ್ಳನ್ನು ಹುಡುಕಿ ತೆಗೆಯುವವರು. ಅವರಿಂದ ಗಿರಾಕಿಗೆ ಸಮಾಧಾನವಿಲ್ಲ, ಮನೆಯವರಿಗೆ ನಿದ್ದೆಯಿಲ್ಲ. ಆದರೆ ನಾವು ದಿನಾ ಮುಟ್ಟುವ ಬಾಗಿಲು, ಕೂರುವ ಮಣೆ, ಕೈಗೆ ಸಿಬಿರು ಚುಚ್ಚದೆ ಇದ್ದರೆ ಎಲ್ಲೋ ಒಬ್ಬರು ಅರ್ಧಕ್ಕೆ ಬಿಡಲಾರದೆ ಒದ್ದಾಡಿದ್ದಾರೆ ಎಂದೇ ತಿಳಿಯಬೇಕು. ಸಾಕು ಎಂಬ ಮಾತು ಅವರ ಬಾಯಲ್ಲಿ ಹುಟ್ಟುವುದಿಲ್ಲ. ಅದನ್ನು ಹೇಳಲು ದೇವರು ಪಕ್ಕದಲ್ಲಿ ಇನ್ನೊಬ್ಬರನ್ನು ಬೆಳಕು ಹಿಡಿಸಿ ನಿಲ್ಲಿಸಿರುತ್ತಾನೆ. ಆ ಇನ್ನೊಬ್ಬರ ಪಾಡು ಮಾತ್ರ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಜೊತೆಗಿದ್ದಷ್ಟು ದಿನವೂ ಸಾಕು, ಸಾಕು ಎನ್ನುತ್ತಲೇ ಇರುತ್ತೇವೆ. ಅವರು ಹೋದ ಮೇಲೆ, ಇದ್ದದ್ದು ಸಾಕಾಗಲಿಲ್ಲ.